ಪೋಷಕರ ಸಭೆಗೆ ಅಜ್ಜಿಯನ್ನೂ ಕರೆಯಬೇಕು

ಮಕ್ಕಳನ್ನು ಬೆಳೆಸುವ ಬಗೆಯನ್ನು ತಂದೆತಾಯಂದಿರಿಗೆ ತಿಳಿಸಿಕೊಡುವ ತರಬೇತಿಗಳು ಈಗ ನಮ್ಮ ಕಡೆಯೂ ಸಾಕಷ್ಟು ನಡೆಯುತ್ತಿವೆ. ಅಂಗನವಾಡಿಯ ತಾಯಂದಿರ ಸಭೆ, ಶಾಲೆಯ ಪೋಷಕರ ಸಭೆ, ಸ್ತ್ರೀಶಕ್ತಿ ಸಂಘದ ವಾರದ ಕೂಟ, ಸ್ವಯಂಸೇವಾ ಸಂಸ್ಥೆಗಳ ಕಾರ್ಯಾಗಾರ, ಎಲ್ಲ ಕಡೆಗೂ ಈ ಪಾಠಗಳು ಬಂದಿವೆ. ಮೈಸೂರು ನಗರದಲ್ಲಿ, ಸುತ್ತಲಿನ ತಾಲ್ಲೂಕುಗಳಲ್ಲಿ ಮತ್ತು ಮಂಡ್ಯ ಜಿಲ್ಲೆಯ ಕೆಲವು ಊರುಗಳಲ್ಲಿ ಇಂಥ ಸಭೆಗಳನ್ನು ನಡೆಸುವುದು ಹಲವು ವರ್ಷಗಳಿಂದ ನನ್ನ ಕೆಲಸವಾಗಿದೆ. ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿರುವ ಒಂದು ನಂಬಿಕೆಯನ್ನು ಇಲ್ಲಿ ವಿವರವಾಗಿ ಬರೆಯಬೇಕೆಂದಿದ್ದೇನೆ. ಬೇರೆ ನಾಡಿನಲ್ಲಿ ಹುಟ್ಟಿದ ತರಬೇತಿಯನ್ನು ನಮ್ಮ ಕುಟುಂಬಗಳಿಗೆ ಹೊಂದಿಸುವಾಗ ಚಿತ್ರಗಳನ್ನು, ಹೆಸರುಗಳನ್ನು, ಭಾಷೆಯನ್ನು ಬದಲಾಯಿಸಿ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಮನೆಯಲ್ಲಿ ಮಗುವಿನ ವಿಚಾರದಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಮಾಡಿದ ಯಾವ ಹೊಂದಾಣಿಕೆಯೂ ಆ ಮನೆಯ ಹೊಸ್ತಿಲನ್ನು ದಾಟುವುದಿಲ್ಲ.

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ತರಬೇತಿಗಳಲ್ಲಿ ಬಹಳಷ್ಟು ಕೆಲವೇ ಊರುಗಳಲ್ಲಿ ರೂಪುಗೊಂಡವು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಅವರ ಸಂಗಡಿಗರು ಮನೆಗಳಲ್ಲಿ ತಂದೆತಾಯಿ ಹಾಗೂ ಮಕ್ಕಳ ನಡುವೆ ಜಗಳ ಹೇಗೆ ಬೆಳೆಯುತ್ತದೆ ಎಂಬುದನ್ನು ವರ್ಷಗಟ್ಟಲೆ ಗಮನಿಸಿ ಒಂದು ಕ್ರಮವನ್ನು ಕಟ್ಟಿದರು. ಸಿಯಾಟಲ್‌ನಲ್ಲಿ ಕ್ಯಾರೊಲಿನ್ ವೆಬ್‌ಸ್ಟರ್-ಸ್ಟ್ರ್ಯಾಟನ್ ಅವರ ‘ಇನ್‌ಕ್ರೆಡಿಬಲ್ ಇಯರ್ಸ್’, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮ್ಯಾಟ್ ಸ್ಯಾಂಡರ್ಸ್ ಅವರ ‘ಟ್ರಿಪಲ್ ಪಿ’ ಹುಟ್ಟಿದವು. ಇವುಗಳ ತಿರುಳು ಹೆಚ್ಚು ಕಡಿಮೆ ಒಂದೇ: ಮಗುವಿನೊಡನೆ ದಿನವೂ ಸ್ವಲ್ಪ ಹೊತ್ತನ್ನು ಅದರ ಇಷ್ಟದಂತೆ ಕಳೆಯುವುದು, ಅದು ಮಾಡಿದ ಒಳ್ಳೆಯ ಕೆಲಸವನ್ನು ಗುರುತಿಸಿ ಬಾಯಿಬಿಟ್ಟು ಹೇಳುವುದು, ಸೂಚನೆಗಳನ್ನು ಚಿಕ್ಕದಾಗಿ ಸ್ಪಷ್ಟವಾಗಿ ಕೊಡುವುದು, ಸಣ್ಣಪುಟ್ಟ ಹಟವನ್ನು ಕಂಡೂ ಕಾಣದಂತಿರುವುದು, ಹೊಡೆಯದೆ ಶಿಸ್ತು ಕಲಿಸುವುದು. ಇದರಲ್ಲಿ ನಾವು ಬೇಡವೆನ್ನುವಂಥದ್ದು ಒಂದೂ ಇಲ್ಲ. ತೊಡಕು ಇರುವುದು ಈ ಪಾಠಗಳು ತಾವಾಗಿಯೇ ಕಲ್ಪಿಸಿಕೊಂಡ ಮನೆಯಲ್ಲಿ. ಆ ಮನೆಯಲ್ಲಿ ಒಬ್ಬ ತಾಯಿ, ಒಬ್ಬ ತಂದೆ, ಒಂದೋ ಎರಡೋ ಮಕ್ಕಳು, ಮಗುವಿಗೆ ಬೇರೆ ಕೋಣೆ. ಎಲ್ಲಕ್ಕಿಂತ ಮುಖ್ಯವಾಗಿ, ಸಭೆಯಲ್ಲಿ ಕಲಿತದ್ದನ್ನು ಅಂದೇ ಸಂಜೆ ಮಾಡಿ ನೋಡುವ ಅಧಿಕಾರ ತಾಯಿಗೆ ಇದೆ.

ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ಇಪ್ಪತ್ತೆರಡು ವರ್ಷದ ತಾಯಿಗೆ ಇಲ್ಲದಿರುವುದು ಆ ಕೊನೆಯದೇ. ಮಗು ಬೇಡವೆಂದಾಗ ಬಾಯಿಗೆ ತುರುಕಬಾರದಂತೆ ಎಂದು ಸೊಸೆ ಸಭೆಯಿಂದ ಬಂದು ಹೇಳಿದರೆ, ನಾಲ್ಕು ಮಕ್ಕಳನ್ನು ಸಾಕಿ ದೊಡ್ಡದು ಮಾಡಿದ ಅತ್ತೆಗೆ ಅದು ತನ್ನ ಬಾಳಿನ ಮೇಲೆ ಕೊಟ್ಟ ತೀರ್ಪಿನಂತೆ ಕೇಳಿಸುತ್ತದೆ. ಸೊಸೆ ಎರಡನೆಯ ಸಲ ಹೇಳುವುದಿಲ್ಲ. ಮೂರನೆಯ ವಾರ ಸಭೆಗೂ ಬರುವುದಿಲ್ಲ. ನಾವು ದಾಖಲೆ ಪುಸ್ತಕದಲ್ಲಿ ಅವಳನ್ನು ‘ಆಸಕ್ತಿ ಇಲ್ಲದವರು’ ಎಂದು ಬರೆದುಕೊಳ್ಳುತ್ತೇವೆ. ಅವಳಿಗೆ ಆಸಕ್ತಿ ಇತ್ತು, ಮನೆಯಲ್ಲಿ ಮಾತಿನ ಬಲ ಇರಲಿಲ್ಲ.

ಮಗುವಿನ ಮೊದಲ ತಿಂಗಳುಗಳ ವಿಚಾರ ಇನ್ನೂ ಬೇರೆ. ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬರುತ್ತಾಳೆ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ನಂತರದ 42 ದಿನಗಳವರೆಗೆ, ಆಮೇಲೆ ಮಗುವಿನ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಮನೆಗೆ ಭೇಟಿ ಕೊಡಬೇಕೆಂಬ ವ್ಯವಸ್ಥೆ ಇದೆ. ಒಳ್ಳೆಯ ವ್ಯವಸ್ಥೆಯೇ. ಮಳವಳ್ಳಿ ಕಡೆಯ ತವರಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಆರಂಭಿಸಿದ ಮಾತನ್ನು ನಂಜನಗೂಡಿನ ಅತ್ತೆ ಮನೆಯಲ್ಲಿ ಇನ್ನೊಬ್ಬರು ಮುಂದುವರಿಸಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಪಾಠವನ್ನು ಬರೆದರೆ ಅದು ಇನ್ನೂ ಒಳ್ಳೆಯದಾಗುತ್ತದೆ. ಮೊದಲ ಭಾಗವನ್ನು ತವರಿನ ಅಜ್ಜಿಗೆ, ಎರಡನೆಯ ಭಾಗವನ್ನು ತಂದೆಯ ಕಡೆಯ ಅಜ್ಜಿಗೆ ಎಂದು ಬರೆಯುವುದು ಅಸಾಧ್ಯವೇನಲ್ಲ. ತಾಯಿ ಕಾರ್ಡ್ ಎರಡೂ ಮನೆಗಳನ್ನು ನೋಡುವ ಏಕೈಕ ಕಾಗದವಾದ್ದರಿಂದ ಅದರಲ್ಲಿರುವ ಬೆಳವಣಿಗೆಯ ಹಂತಗಳ ಚಿತ್ರಗಳೇ ಮಾತು ಆರಂಭಿಸಲು ಸಾಕಾಗುತ್ತವೆ.

ಅಜ್ಜಿಯನ್ನು ಒಪ್ಪಿಸಬೇಕಾದ ಎದುರಾಳಿಯೆಂದು ನೋಡುವುದು ನನಗೆ ಸಮ್ಮತವಲ್ಲ. ಎಳೆಗೂಸಿಗೆ ಎಣ್ಣೆ ನೀರು ಹಾಕುವ ಕ್ರಮವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕಾಲು ಚಾಚಿ ಕುಳಿತು, ಮೊಣಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಕೈಕಾಲುಗಳನ್ನು ನೀವುತ್ತ, ಮಗುವಿನ ಕಣ್ಣನ್ನೇ ನೋಡುತ್ತ, ಅದು ಗುಟುರು ಹಾಕಿದರೆ ತಾನೂ ಗುಟುರು ಹಾಕುತ್ತ, ಅತ್ತರೆ ಒಂದು ಗಳಿಗೆ ನಿಲ್ಲಿಸಿ ಮಾತನಾಡಿಸುತ್ತ ಆಕೆ ಮಾಡುವ ಕೆಲಸವಿದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2018ರಲ್ಲಿ ಪ್ರಕಟಿಸಿದ ಪೋಷಣೆಯ ಚೌಕಟ್ಟಿನ ಐದು ಅಂಗಗಳಲ್ಲಿ ಒಂದಾದ ‘ಮಗುವಿನ ಸನ್ನೆಗೆ ಸ್ಪಂದಿಸುವ ಆರೈಕೆ’ ಎಂದರೆ ಅದೇ. ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ‘ನವಚೇತನ’ ಎಂಬ ಚೌಕಟ್ಟಿನಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 140 ಚಟುವಟಿಕೆಗಳಿವೆ. ಅವುಗಳಲ್ಲಿ ಹಲವನ್ನು ನಮ್ಮ ಅಜ್ಜಿಯರು ಹೆಸರಿಲ್ಲದೆಯೇ ಮಾಡುತ್ತ ಬಂದಿದ್ದಾರೆ. ಸಭೆಯ ಮೊದಲ ದಿನ ಆಕೆಯನ್ನು ಮುಂದೆ ಕೂರಿಸಿ, ‘ಅಜ್ಜಿ, ನೀವು ಹೇಗೆ ಮಾಡ್ತೀರಿ, ಇವರಿಗೆಲ್ಲ ತೋರಿಸಿ’ ಎಂದು ಕೇಳಿದಲ್ಲಿ ಮುಂದಿನ ವಾರಗಳ ದಾರಿ ಬೇರೆಯಾಗುತ್ತದೆ. ಆಕೆ ಅಲ್ಲಿ ಕಲಿಯಲು ಬಂದವಳಾಗಿ ಉಳಿಯುವುದಿಲ್ಲ, ಕಲಿಸುವವಳಾಗುತ್ತಾಳೆ. ಮೂಗು ಎಳೆದು ನೇರ ಮಾಡುವುದು, ಕಿವಿಗೆ ಎಣ್ಣೆ ಬಿಡುವುದು ಬೇಡವೆಂದು ಆಮೇಲೆ ಹೇಳಿದರೂ ಆಕೆ ಕೇಳಿಸಿಕೊಳ್ಳುತ್ತಾಳೆ. ತನ್ನಲ್ಲಿ ಇರುವುದನ್ನು ಗೌರವಿಸಿದವರ ಮಾತು ಅದು.

ಇಂಥ ಹೊಂದಾಣಿಕೆಗೆ ನಮ್ಮ ಜಿಲ್ಲೆಯಲ್ಲಿ ಅವಕಾಶ ಇಲ್ಲದೇ ಇಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಐವತ್ತು ವರ್ಷಗಳ ಅಂಗನವಾಡಿ ಅನುಭವ ಈ ನೆಲದಲ್ಲಿದೆ. ಊರಿನ ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುವಷ್ಟು ಯಾವ ಸಮೀಕ್ಷೆಗೂ ಗೊತ್ತಿರುವುದಿಲ್ಲ. ಪಾಠದ ಕೈಪಿಡಿ ಬರೆಯುವವರು ಆಕೆಯನ್ನು ಕೇಳುವುದು ಮಾತ್ರ ಅಪರೂಪ.

ಹೊರಗಿನಿಂದ ಬಂದ ತರಬೇತಿ ನಮಗೆ ಸಲ್ಲುವುದೇ ಇಲ್ಲ ಎಂದು ವಾದಿಸುವವರೂ ಇದ್ದಾರೆ. ಆ ವಾದಕ್ಕೆ ಸಾಕ್ಷ್ಯದ ಬೆಂಬಲವಿಲ್ಲ. ಆಕ್ಸ್‌ಫರ್ಡ್‌ನ ಫ್ರಾನ್ಸೆಸ್ ಗಾರ್ಡ್‌ನರ್ ಮತ್ತು ಸಂಗಡಿಗರು 2016ರಲ್ಲಿ, ಒಂದು ದೇಶದಲ್ಲಿ ಹುಟ್ಟಿ ಬೇರೆ ದೇಶಗಳಿಗೆ ಹೋದ ಪೋಷಕ ತರಬೇತಿಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂಲ ದೇಶಕ್ಕಿಂತ ಬಹಳ ಭಿನ್ನವಾದ ಸಂಸ್ಕೃತಿಗಳಲ್ಲೂ ಅವು ಫಲ ಕೊಟ್ಟದ್ದು ಕಂಡುಬಂತು. ಇನ್ನೊಂದು ಕಡೆ, ಅಮೆರಿಕದಲ್ಲಿ ಕ್ಯಾರಲ್ ಕಂಪ್ಫರ್ ಅವರು ತಮ್ಮ ಕುಟುಂಬ ತರಬೇತಿಯನ್ನು ಬೇರೆ ಬೇರೆ ಸಮುದಾಯಗಳಿಗೆ ಹೊಂದಿಸಿದ ಅನುಭವವನ್ನು 2002ರಲ್ಲಿ ಬರೆದಿದ್ದಾರೆ: ಹೊಂದಿಸಿದ ಮೇಲೆ ಕುಟುಂಬಗಳು ಕೊನೆಯವರೆಗೂ ಉಳಿಯುವ ಪ್ರಮಾಣ ಮೊದಲಿಗಿಂತ ಶೇ. 40ರಷ್ಟರವರೆಗೆ ಹೆಚ್ಚಿತು, ಆದರೆ ಹೊಂದಿಸುವ ಹೆಸರಿನಲ್ಲಿ ಪಾಠಗಳನ್ನು ಕಡಿತ ಮಾಡಿದ ಕಡೆ ಮಕ್ಕಳಿಗೆ ಸಿಗಬೇಕಾದ ಲಾಭ ಕುಗ್ಗಿತು. ಈ ಎರಡನ್ನೂ ಒಟ್ಟಿಗೆ ಓದಿಕೊಂಡರೆ ನಮ್ಮ ಕೆಲಸ ತಿಳಿಯಾಗುತ್ತದೆ. ತಿರುಳನ್ನು ಮುಟ್ಟಬಾರದು, ಜನ ಬರುವಂತೆ, ಬಂದವರು ಉಳಿಯುವಂತೆ, ಉಳಿದವರು ಮನೆಯಲ್ಲಿ ಮಾಡುವಂತೆ ಉಳಿದೆಲ್ಲವನ್ನೂ ಬದಲಾಯಿಸಬೇಕು. ಹತ್ತು ವಾರಗಳ ತರಬೇತಿಯನ್ನು ‘ನಮ್ಮ ಜನಕ್ಕೆ ಇಷ್ಟು ಸಾಕು’ ಎಂದು ಒಂದೇ ದಿನದ ಭಾಷಣವಾಗಿ ಇಳಿಸುವುದನ್ನು ಹೊಂದಾಣಿಕೆ ಎಂದು ಕರೆಯುವುದು ನನಗೆ ನೋವಿನ ಸಂಗತಿ. ಆ ಮಾತಿನಲ್ಲಿ ಬಡವರ ಮಕ್ಕಳ ಬಗೆಗಿನ ಅಸಡ್ಡೆ ಅಡಗಿದೆ.

ತಿರುಳನ್ನು ಉಳಿಸಿಕೊಂಡು ರೂಪವನ್ನು ಬದಲಾಯಿಸುವುದು ಹೇಗೆಂದು ಕೇಳುವವರಿಗೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ.

ದಿನವೂ ಹತ್ತು ಹದಿನೈದು ನಿಮಿಷ ಒಂದು ಮಗುವಿನೊಡನೆ ಮಾತ್ರ ಆಡಬೇಕು ಎಂಬ ಪಾಠವನ್ನೇ ತೆಗೆದುಕೊಳ್ಳಬಹುದು. ಅಣ್ಣತಮ್ಮಂದಿರ ಮಕ್ಕಳು ಒಂದೇ ಜಗಲಿಯಲ್ಲಿ ಬೆಳೆಯುವ ಮನೆಯಲ್ಲಿ ತನ್ನ ಮಗುವನ್ನು ಮಾತ್ರ ಕೂರಿಸಿಕೊಂಡು ಆಡಿಸುವ ತಾಯಿ ಓರಗಿತ್ತಿಯ ಕಣ್ಣಿಗೆ ಭೇದ ಮಾಡುವವಳಾಗಿ ಕಾಣುತ್ತಾಳೆ. ಕೆಲಸದ ಹೊತ್ತಿನಲ್ಲಿ ಆಟವಾಡುತ್ತ ಕುಳಿತವಳೆಂಬ ಮಾತೂ ಬರುತ್ತದೆ. ಹಾಗೆಂದು ಈ ಪಾಠವನ್ನು ಬಿಡುವಂತಿಲ್ಲ, ಏಕೆಂದರೆ ಒಬ್ಬ ಹಿರಿಯರ ಪೂರ್ತಿ ಗಮನ ತನಗೆ ಸಿಕ್ಕಿದ ಅನುಭವವೇ ಮಗುವಿನ ನಡತೆ ಬದಲಾಗುವುದಕ್ಕೆ ಮೊದಲ ಮೆಟ್ಟಿಲು. ಮನೆಯಲ್ಲಿ ಈಗಾಗಲೇ ನಡೆಯುವ ಯಾವ ಕೆಲಸದಲ್ಲಿ ಒಂದು ಮಗು ಮತ್ತು ಒಬ್ಬರು ಹಿರಿಯರು ಎದುರುಬದುರು ಕೂರುತ್ತಾರೆ ಎಂದು ಸಭೆಯಲ್ಲಿ ಕೇಳಿದಾಗ ಉತ್ತರಗಳು ತಾವಾಗಿಯೇ ಬರುತ್ತವೆ. ಚಳಿಗಾಲದಲ್ಲಿ ಸೊಗಡು ಅವರೆಕಾಯಿ ಬಿಡಿಸುವುದು, ಹುಡುಗಿಗೆ ಎಣ್ಣೆ ಹಚ್ಚಿ ಜಡೆ ಹಾಕುವುದು, ಹೂ ಕಟ್ಟುವುದು, ಸಂಜೆ ಹಸುವಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋಗುವುದು. ಆ ಹೊತ್ತಿನಲ್ಲಿ ಮಗು ಹೇಳುವುದನ್ನು ಕೇಳಬೇಕು, ಬುದ್ಧಿ ಹೇಳಬಾರದು, ಮೊಬೈಲ್ ಒಳಗಿರಬೇಕು, ಮಾತಿನ ದಾರಿಯನ್ನು ಮಗುವೇ ಹಿಡಿಯಬೇಕು ಎಂಬ ನಿಯಮಗಳು ಮೂಲ ಪಾಠದವೇ. ಅವನ್ನು ಒಂದಿಷ್ಟೂ ಸಡಿಲಿಸಬೇಕಾಗಿಲ್ಲ. ಅವರೆಕಾಯಿಯ ಮುಂದೆ ಕುಳಿತ ಏಳು ವರ್ಷದ ಹುಡುಗನೊಬ್ಬ ತರಗತಿಯಲ್ಲಿ ತನ್ನನ್ನು ಹಿಂದಿನ ಸಾಲಿಗೆ ಕಳಿಸಿದ್ದನ್ನು ಮೊದಲ ಬಾರಿಗೆ ಹೇಳಿಕೊಂಡನೆಂದು ತಾಯಿಯೊಬ್ಬರು ಸಭೆಯಲ್ಲಿ ತಿಳಿಸಿದ್ದರು. ಆಟದ ಸಾಮಾನಿಟ್ಟುಕೊಂಡು ‘ಬಾ, ಆಡೋಣ’ ಎಂದಿದ್ದರೆ ಆ ಮನೆಯಲ್ಲಿ ಅದು ಹೊರಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು, ಹೊಗಳಿಕೆಯ ಪಾಠ. ಮಗುವನ್ನು ಎದುರಿಗೇ ಹೊಗಳಿ ಎಂದಾಗ ಮಂಡ್ಯದ ಸಭೆಗಳಲ್ಲಿ ಹಿಂದಿನ ಸಾಲಿನಿಂದ ಬರುವ ಮಾತು ಇದು: ‘ಎದುರ್‍ಗೆ ಹಂಗೆಲ್ಲ ಅನ್ಬಾರ್ದು ಕಣವ್ವ, ದಿಷ್ಟಿ ಆಯ್ತದೆ.’ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುವ ಮನೆಯಲ್ಲಿ ‘ಎಷ್ಟು ಜಾಣ, ಎಷ್ಟು ಚೆಂದ’ ಎಂಬ ಮಾತು ಮಗುವಿಗೆ ಕೇಡನ್ನು ಕರೆದಂತೆ. ಇದನ್ನು ಮೂಢನಂಬಿಕೆಯೆಂದು ಗದರಿಸಿ ಮುಂದೆ ಹೋದ ತರಬೇತುದಾರರನ್ನು ನಾನು ಕಂಡಿದ್ದೇನೆ. ಅಲ್ಲಿಗೆ ಆ ಊರಿನ ಸಭೆ ಮುಗಿಯುತ್ತದೆ. ಸ್ವಾರಸ್ಯವೆಂದರೆ, ಮೂಲ ಪಾಠವೂ ಮಗುವನ್ನು ಹೊಗಳು ಎಂದು ಹೇಳುವುದಿಲ್ಲ, ಮಗು ಮಾಡಿದ ಕೆಲಸವನ್ನು ಹೆಸರಿಟ್ಟು ಹೇಳು ಎನ್ನುತ್ತದೆ. ‘ತಂಗಿಗೆ ನೀನೇ ನೀರು ಕೊಟ್ಟೆಯಲ್ಲ, ನನಗೆ ಒಂದು ಕೆಲಸ ಕಡಿಮೆಯಾಯ್ತು’ ಎಂಬ ಮಾತಿಗೆ ಯಾವ ದೃಷ್ಟಿಯೂ ತಾಗುವುದಿಲ್ಲವೆಂದು ಅಜ್ಜಿಯರೂ ಒಪ್ಪುತ್ತಾರೆ. ಹಿರಿಯರ ಹೆದರಿಕೆಯನ್ನು ಕೇಳಿಸಿಕೊಂಡದ್ದರಿಂದ ಪಾಠ ತನ್ನ ಮೂಲ ಉದ್ದೇಶಕ್ಕೆ ಇನ್ನಷ್ಟು ಹತ್ತಿರವಾಯಿತು.

ಹೊಡೆತದ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಅದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವುದು ಸರಿಯೂ ಅಲ್ಲ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಕೋಲು ಹಿಡಿದವರು ತಮ್ಮ ಪರವಾಗಿ ಉಪಯೋಗಿಸುತ್ತಾರೆ. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರು ತುಂಬಿದಾಗ ಗೆಳೆಯನಂತೆ ಕಾಣು ಎಂಬ ಅರ್ಥದ ಸಂಸ್ಕೃತ ಸುಭಾಷಿತವನ್ನು ನಗರದ ಓದಿದ ಮನೆಗಳ ತಾತಂದಿರು ಉದ್ಧರಿಸುತ್ತಾರೆ. ನಮ್ಮ ಸಂಸ್ಕೃತಿಯಲ್ಲಿ ಹೊಡೆತ ಪ್ರೀತಿಯ ಗುರುತು, ಪಶ್ಚಿಮದವರ ಲೆಕ್ಕ ಇಲ್ಲಿ ನಡೆಯದು ಎಂಬ ವಾದಕ್ಕೆ ಉತ್ತರ ಕೊಡುವ ಒಂದು ಅಧ್ಯಯನವಿದೆ. ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಈ ಅಧ್ಯಯನ ಭಾರತವೂ ಸೇರಿ ಚೀನಾ, ಇಟಲಿ, ಕೀನ್ಯಾ, ಫಿಲಿಪೀನ್ಸ್, ಥಾಯ್ಲೆಂಡ್ ಎಂಬ ಆರು ದೇಶಗಳ ತಾಯಂದಿರು ಮತ್ತು ಮಕ್ಕಳನ್ನು ಮಾತನಾಡಿಸಿತ್ತು. ಹೊಡೆತ ಸಾಮಾನ್ಯವೆಂದು ಎಲ್ಲರೂ ಭಾವಿಸುವ ಕಡೆ ಅದರ ಕೆಟ್ಟ ಪರಿಣಾಮ ಸ್ವಲ್ಪ ಕಡಿಮೆ ಕಂಡಿತು. ಅಂಥ ಕಡೆಯೂ ಹೆಚ್ಚು ಹೊಡೆತ ತಿಂದ ಮಕ್ಕಳಲ್ಲಿ ಆಕ್ರಮಣಶೀಲತೆ ಮತ್ತು ಆತಂಕ ಹೆಚ್ಚಾಗಿಯೇ ಇತ್ತು. ಸಂಸ್ಕೃತಿ ಪೆಟ್ಟಿನ ನೋವನ್ನು ತುಸು ತಗ್ಗಿಸಬಹುದು, ಅಳಿಸಲಾರದು. ಭಾರತ 1992ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಯ ಬಾಗಿಲೊಳಗೆ ಅಂಥ ಸ್ಪಷ್ಟ ಕಾನೂನು ಇಲ್ಲದಿರುವಾಗ ಈ ತರಬೇತಿಗಳೇ ಮಗುವಿನ ಪರವಾಗಿ ನಿಲ್ಲಬೇಕು.

ಹೀಗಾಗಿ ನಾನು ನಡೆಸುವ ಸಭೆಗಳಲ್ಲಿ ಹೊಡೆಯಬಾರದೆಂಬ ಮಾತನ್ನು ಯಾವ ಸಮುದಾಯಕ್ಕೂ ಸಡಿಲಿಸುವುದಿಲ್ಲ. ಅದನ್ನು ಹೇಳುವ ದಾರಿಯನ್ನು ಮಾತ್ರ ಬದಲಾಯಿಸುತ್ತೇನೆ. ಗಾದೆ ಬಗ್ಗಿಸುವ ಬಗ್ಗೆ ಹೇಳುತ್ತದೆ, ಮುರಿಯುವ ಬಗ್ಗೆ ಹೇಳುವುದಿಲ್ಲ. ಸುಭಾಷಿತದ ಕೊನೆಯ ಮಾತನ್ನು ಹತ್ತನೆಯ ವಯಸ್ಸಿಗೇ ಏಕೆ ತರಬಾರದು ಎಂದು ಕೇಳಿದಾಗ ತಾತಂದಿರೇ ಚರ್ಚೆಗೆ ಇಳಿಯುತ್ತಾರೆ. ಹೊಡೆತದ ಜಾಗದಲ್ಲಿ ಮಗುವನ್ನು ಒಂದೆಡೆ ಒಂಟಿಯಾಗಿ ಕೂರಿಸಿ ಎಂಬ ಮೂಲ ಪಾಠದ ಸಲಹೆ ಎರಡು ಕೋಣೆಯ ಮನೆಗೆ ಒಗ್ಗುವುದಿಲ್ಲ. ಕೂರಿಸಿದ ಮರುಗಳಿಗೆಯೇ ಮಗು ಅಜ್ಜಿಯ ಮಡಿಲಲ್ಲಿರುತ್ತದೆ. ಕೋಪ ಬಂದ ಹಿರಿಯರೇ ಎದ್ದು ಹಿತ್ತಲಿಗೋ ಜಗಲಿಗೋ ಹೋಗಿ ಬರುವುದು, ಆ ಹೊತ್ತಿಗೆ ಮನೆಯ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುವುದು ನಮ್ಮ ಕೂಡು ಮನೆಗಳಿಗೆ ಸಹಜವಾದ ಏರ್ಪಾಡು. ಕೂಡಿ ಬಾಳುವ ಮನೆಯ ದೊಡ್ಡ ಶಕ್ತಿ ಅದು, ಯಾವ ವಿದೇಶಿ ಕೈಪಿಡಿಯಲ್ಲೂ ಇದಕ್ಕೆ ತಕ್ಕಷ್ಟು ಜಾಗ ನಾನು ಕಂಡಿಲ್ಲ.

ಹೊಡೆತವನ್ನೂ ಕಟ್ಟುನಿಟ್ಟನ್ನೂ ಒಂದೇ ಎಂದು ತಿಳಿಯಬಾರದೆಂಬ ಎಚ್ಚರವೂ ಬೇಕು. ಡಯಾನಾ ಬೌಮ್ರಿಂಡ್ ಅವರು 1960ರ ದಶಕದಲ್ಲಿ ಪೋಷಕರನ್ನು ಬಗೆಬಗೆಯಾಗಿ ವಿಂಗಡಿಸಿದ ಕ್ರಮ ಇಂದಿಗೂ ತರಬೇತಿಗಳಲ್ಲಿ ಬಳಕೆಯಲ್ಲಿದೆ. ರೂತ್ ಚಾವೊ 1994ರಲ್ಲಿ ಚೀನೀ ಮೂಲದ ತಾಯಂದಿರನ್ನು ಅಧ್ಯಯನ ಮಾಡಿ, ಆ ವಿಂಗಡಣೆಯಲ್ಲಿ ‘ಸರ್ವಾಧಿಕಾರಿ’ ಎಂದು ಗುರುತಿಸಲ್ಪಡುವ ತಾಯಿಯ ಬಿಗಿಯಲ್ಲಿ ಮಗುವಿಗಾಗಿ ತನ್ನನ್ನು ತೇಯುವ ಕಾಳಜಿ ಸೇರಿರುತ್ತದೆ ಎಂದು ತೋರಿಸಿದರು. ಕಬ್ಬಿನ ಬಾಕಿ ಹಣ ಬಾರದ ವರ್ಷದಲ್ಲೂ ಸಾಲ ಮಾಡಿ ಮಗಳ ಶುಲ್ಕ ಕಟ್ಟಿ, ಪ್ರತಿ ಸಂಜೆ ‘ಓದಿದೆಯಾ’ ಎಂದು ಗಡಸಾಗಿ ಕೇಳುವ ಮಂಡ್ಯದ ಅಪ್ಪನನ್ನು ಹಾಳೆಯ ಮೇಲಿನ ಯಾವುದೋ ಪಟ್ಟಿಯೊಳಗೆ ತುರುಕುವುದು ಅನ್ಯಾಯ.

ಭಾಷೆಯ ವಿಚಾರದಲ್ಲಿ ಮೈಸೂರು ನಗರ ತಾನೇ ಒಂದು ಪಾಠ. ಉದಯಗಿರಿ, ರಾಜೀವನಗರಗಳ ಓಣಿಗಳಲ್ಲಿ ದಖನಿ ಉರ್ದು ಮನೆಮಾತು. ಬೀಡಿ ಕಟ್ಟುತ್ತ, ಊದುಬತ್ತಿ ಹೊಸೆಯುತ್ತ ಮನೆಯಲ್ಲೇ ದುಡಿಯುವ ತಾಯಂದಿರ ಪಕ್ಕದಲ್ಲಿ ಮಕ್ಕಳು ಕುಳಿತಿರುತ್ತಾರೆ. ತಮಿಳು, ತೆಲುಗು, ಮರಾಠಿ ಮಾತನಾಡುವ ಹಳೆಯ ಕೇರಿಗಳಿವೆ, ಕೈಗಾರಿಕಾ ಪ್ರದೇಶಗಳ ಸುತ್ತ ಹಿಂದಿ, ಒಡಿಯಾ ಮಾತಿನ ಕುಟುಂಬಗಳು ಹೊಸದಾಗಿ ನೆಲೆಸಿವೆ. ಇಲ್ಲಿಯ ತಾಯಂದಿರಿಗೆ ಕೆಲವು ಶಾಲೆಗಳ ಪೋಷಕರ ಸಭೆಯಲ್ಲಿ ಸಿಗುವ ಸಲಹೆ, ಮನೆಯಲ್ಲಿ ಇಂಗ್ಲಿಷ್‌ನಲ್ಲೇ ಮಾತನಾಡಿ ಎಂಬುದು. ಇದಕ್ಕಿಂತ ಹಾನಿಕರವಾದ ಸಲಹೆಯನ್ನು ನಾನು ಬೇರೆ ಕೇಳಿಲ್ಲ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಮಗುವಿನ ಮಾತು ಕುಂಠಿತವಾಗುತ್ತದೆ ಎಂಬುದನ್ನು ಸಂಶೋಧನೆ ಒಪ್ಪುವುದಿಲ್ಲ. ತನಗೆ ಸರಾಗವಿಲ್ಲದ ಭಾಷೆಗೆ ತಾಯಿಯನ್ನು ದೂಡಿದರೆ ಆಕೆಯ ಮಾತೇ ಕಡಿಮೆಯಾಗಿ, ಕಥೆ, ಹಾಡು, ಒಗಟು, ತಮಾಷೆ ಎಲ್ಲ ನಿಂತು, ‘ಕಮ್’, ‘ಗೋ’, ‘ಈಟ್’ ಎಂಬ ಆಜ್ಞೆಗಳಷ್ಟೇ ಮಗುವಿನ ಪಾಲಿಗೆ ಉಳಿಯುತ್ತವೆ. ಊದುಬತ್ತಿಯ ಕಟ್ಟುಗಳನ್ನು ಎಣಿಸುತ್ತ ತಾಯಿ ತನ್ನ ಮಾತಿನಲ್ಲೇ ಹೇಳುವ ಲೆಕ್ಕ, ವಾಸನೆಗಳ ಹೆಸರು, ಬಣ್ಣಗಳ ಹೆಸರು ಮಗುವಿಗೆ ಸಿಗಬಹುದಾದ ಅತ್ಯುತ್ತಮ ಶಾಲಾಪೂರ್ವ ಪಾಠ. ಅಂಥ ಮೊಹಲ್ಲಾಗಳಲ್ಲಿ ಸಭೆಯನ್ನು ಕನ್ನಡದಲ್ಲಿ ನಡೆಸಿ ಉರ್ದು ಚೀಟಿ ಹಂಚಿದರೆ ಸಾಲದು. ಅಲ್ಲಿಯದೇ ಹೆಣ್ಣುಮಗಳೊಬ್ಬಳು ದಖನಿಯಲ್ಲಿ ನಡೆಸಬೇಕು.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಆದಿವಾಸಿ ಹಾಡಿಗಳಿಗೆ ಹೋದಾಗ ತರಬೇತಿಯ ದಿಕ್ಕೇ ತಿರುಗಬೇಕಾಗುತ್ತದೆ. ಜೇನುಕುರುಬರ, ಬೆಟ್ಟಕುರುಬರ, ಯರವರ ಮನೆಗಳಲ್ಲಿ ಮಗುವಿಗೆ ಹೊಡೆಯುವುದನ್ನು ನಾನು ಕಂಡದ್ದು ಬಹಳ ಕಡಿಮೆ. ಅಲ್ಲಿ ಮಗು ದೊಡ್ಡ ಮಕ್ಕಳ ಗುಂಪಿನೊಡನೆ ತಿರುಗುತ್ತದೆ, ಕತ್ತಿ ಹಿಡಿಯುತ್ತದೆ, ಬೆಂಕಿಯ ಬಳಿ ಕೂರುತ್ತದೆ, ಹಸಿದಾಗ ಯಾರ ಗುಡಿಸಲಿನಲ್ಲಾದರೂ ಉಣ್ಣುತ್ತದೆ. ನಗರದಿಂದ ಬಂದ ಪರಿಶೀಲನಾ ಪಟ್ಟಿ ಇದನ್ನು ನಿರ್ಲಕ್ಷ್ಯ ಎಂದು ಬರೆದುಕೊಳ್ಳುತ್ತದೆ. ಹೊಡೆಯದೆ ಬೆಳೆಸುವುದು ಹೇಗೆಂದು ಇವರಿಗೆ ಕಲಿಸಲು ಹೋಗುವುದು ಅಸಂಗತ. ಇವರಿಂದ ಅದನ್ನು ಕೇಳಿ ಬಂದು ಉಳಿದವರಿಗೆ ಹೇಳಬೇಕಾಗಿದೆ. ಅವರು ನಮ್ಮನ್ನು ಕೇಳುವ ಪ್ರಶ್ನೆಗಳೇ ಬೇರೆ. ನಾಗರಹೊಳೆಯ ಕಾಡಿನಿಂದ ಹೊರಬಂದು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದವರ ಮಕ್ಕಳಿಗೆ ಕಾಡಿನ ಅರಿವನ್ನು ಕೊಡುವುದು ಹೇಗೆ? ಆರನೆಯ ವಯಸ್ಸಿಗೇ ಆಶ್ರಮ ಶಾಲೆಗೆ ಸೇರಿ, ರಜೆಗೆ ಬಂದಾಗ ತನ್ನ ಮನೆಯ ಮಾತನಾಡಲು ನಾಚುವ ಮಗುವಿನೊಡನೆ ಮತ್ತೆ ಸಲುಗೆ ಬೆಳೆಸುವುದು ಹೇಗೆ? ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ತಿಂಗಳುಗಳಲ್ಲಿ ಕೂಸುಗಳನ್ನು ಯಾರ ಬಳಿ ಬಿಡುವುದು? ಹೊರಗಿನ ಒಂದು ಕೈಪಿಡಿಯಲ್ಲೂ ಈ ಪ್ರಶ್ನೆಗಳಿಗೆ ಅಧ್ಯಾಯವಿಲ್ಲ, ಹಾಡಿಗೆ ಬೇಕಾದ ತರಬೇತಿ ಇಲ್ಲಿಂದಲೇ ಶುರುವಾಗಬೇಕು. ಬೈಲಕುಪ್ಪೆಯ ಟಿಬೆಟನ್ ನೆಲೆಗಳಲ್ಲಿ ಇನ್ನೊಂದು ಬಗೆಯ ಪ್ರಶ್ನೆ ಇದೆ. ಅಲ್ಲಿಯ ಮಠಗಳಲ್ಲಿ ಬೆಳೆಯುವ ಕಿರಿಯ ಭಿಕ್ಷುಗಳಿಗೆ ದಿನನಿತ್ಯದ ಪೋಷಕರು ಹಿರಿಯ ಗುರುಗಳೇ.

ಸಭೆ ಎಲ್ಲಿ ನಡೆಯುತ್ತದೆ, ಯಾವ ಹೊತ್ತಿಗೆ ನಡೆಯುತ್ತದೆ ಎಂಬುದನ್ನು ನಾವು ಸಣ್ಣ ವಿವರವೆಂದು ಬದಿಗಿಡುತ್ತೇವೆ. ದೇವಸ್ಥಾನದ ಜಗಲಿಯಲ್ಲಿ ಕರೆದ ಸಭೆಗೆ ಒಂದು ಕೇರಿಯವರು ಬಂದು ಕೂತರೆ ಇನ್ನೊಂದು ಕೇರಿಯವರು ದೂರದಲ್ಲಿ ನಿಲ್ಲುತ್ತಾರೆ, ಇಲ್ಲವೇ ಬರುವುದೇ ಇಲ್ಲ; ಶಾಲೆಯ ಅಂಗಳವಾದರೆ ಎಲ್ಲರೂ ಬರುತ್ತಾರೆ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಂದಿರಿಗೆ ಮಧ್ಯಾಹ್ನದ ಸಭೆ ಇದ್ದೂ ಇಲ್ಲದಂತೆ. ಗಂಡಸರು ಪೋಷಕರ ಸಭೆಗೆ ಬರುವುದಿಲ್ಲವೆಂಬ ದೂರು ಹಳೆಯದು. ಮಂಡ್ಯದ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿರುವವರಲ್ಲಿ ಅಪ್ಪಂದಿರೂ ತಾತಂದಿರೂ ಬೇಕಾದಷ್ಟು ಇರುತ್ತಾರೆ. ಹಾಲು ಅಳೆದು ಮುಗಿದ ಮೇಲೆ ಅಲ್ಲೇ ಕಾಲು ಗಂಟೆ ಮಾತನಾಡಿದರೆ ಅವರು ಕೇಳುತ್ತಾರೆ, ವಾದಿಸುತ್ತಾರೆ, ಮರುವಾರ ಕಾದಿರುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕ ಮೇಲೆ ಪಕ್ಕದ ಊರಿನ ಅಜ್ಜಿಯರೂ ಹೋಬಳಿ ಮಟ್ಟದ ಸಭೆಗೆ ಬರತೊಡಗಿದ್ದಾರೆ. ತರಬೇತಿಯ ಗುಣಮಟ್ಟಕ್ಕೂ ಬಸ್ಸಿನ ಟಿಕೆಟ್ಟಿಗೂ ಇಷ್ಟು ಹತ್ತಿರದ ನಂಟಿದೆ.

ದಕ್ಷಿಣ ಆಫ್ರಿಕಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಕೆಲವು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ತರಬೇತಿಯೊಂದು ನಮಗೆ ಹೆಚ್ಚು ಹತ್ತಿರದ ಮಾದರಿ ಎನಿಸುತ್ತದೆ. ಹದಿಹರೆಯದವರ ಕುಟುಂಬಗಳಿಗೆಂದು 14 ವಾರಗಳ ಪಾಠವನ್ನು ಈಸ್ಟರ್ನ್ ಕೇಪ್ ಪ್ರಾಂತ್ಯದ 40 ಹಳ್ಳಿ ಮತ್ತು ಬಡಾವಣೆಗಳ 552 ಕುಟುಂಬಗಳೊಡನೆ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಮೇಲಿನ ಹೊಡೆತ ಬೈಗುಳಗಳು ಕಡಿಮೆಯಾದವೆಂದು ಮಕ್ಕಳ ಆರೈಕೆ ಮಾಡುವ ಹಿರಿಯರು ವರದಿ ಮಾಡಿದರು. ಪಾಠ ನಡೆಸಿದವರು ಸ್ಥಳೀಯರೇ. ತಪ್ಪಿಸಿಕೊಂಡವರ ಮನೆಗೆ ಹೋಗಿ ಅಂದಿನ ಪಾಠವನ್ನು ಹೇಳಿ ಬರುತ್ತಿದ್ದರು. ಬಡತನ ಮನೆಯ ಜಗಳಕ್ಕೆ ಕಾರಣವೆಂದು ಅರಿತು ಹಣ ಉಳಿಸುವ ಪಾಠವನ್ನೂ ಅದರೊಳಗೆ ಸೇರಿಸಿದ್ದರು. ಕರ್ನಾಟಕದಲ್ಲಿ 2000-01ರಿಂದ ಸ್ತ್ರೀಶಕ್ತಿ ಸಂಘಗಳು ವಾರ ವಾರ ಕೂಡಿ ಉಳಿತಾಯದ ಲೆಕ್ಕ ಮಾಡುತ್ತಲೇ ಇವೆ. ಅಲ್ಲಿ ಅತ್ತೆ ಸೊಸೆ ಇಬ್ಬರೂ ಇರುತ್ತಾರೆ. ಹೊಸ ವೇದಿಕೆ ಕಟ್ಟುವುದಕ್ಕಿಂತ ಲೆಕ್ಕ ಮುಗಿದ ಮೇಲಿನ ಅರ್ಧ ಗಂಟೆಯನ್ನು ಕೇಳಿ ಪಡೆಯುವುದು ಮೇಲು.

ಇದೆಲ್ಲವನ್ನೂ ಓದಿದವರು ಸಮುದಾಯಕ್ಕೊಂದರಂತೆ ಕೈಪಿಡಿ ಬರೆಯೋಣ ಎಂದಾರು. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಗೌಡರ ಮನೆಯವರು ಹೀಗೆ, ಮುಸ್ಲಿಮರು ಹಾಗೆ, ಹಾಡಿಯವರು ಇನ್ನೊಂದು ಥರ ಎಂದು ಅಚ್ಚು ಹಾಕಿದ ಕೈಪಿಡಿ ಹಿಡಿದು ಹೋದವರು ಎದುರಿಗೆ ಕುಳಿತ ಕುಟುಂಬವನ್ನು ನೋಡುವುದನ್ನೇ ಬಿಡುತ್ತಾರೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದರಲ್ಲಿ ಅಜ್ಜಿಯ ಮಾತು, ಇನ್ನೊಂದರಲ್ಲಿ ಕಾರ್ಖಾನೆಗೆ ಹೋಗಿ ಸಂಬಳ ತರುವ ಸೊಸೆಯ ಮಾತು ನಡೆಯುತ್ತಿರಬಹುದು. ಕೈಪಿಡಿ ಒಂದೇ ಇರಲಿ. ಅದರ ಪ್ರತಿ ಪಾಠದ ಆರಂಭದಲ್ಲಿ ಆ ಮನೆಯವರನ್ನೇ ಕೇಳಬೇಕಾದ ಪ್ರಶ್ನೆಗಳಿರಲಿ: ಮಗುವಿಗೆ ಯಾರು ಉಣಿಸುತ್ತಾರೆ, ಯಾರು ಮಲಗಿಸುತ್ತಾರೆ, ಅದು ತಪ್ಪು ಮಾಡಿದಾಗ ಯಾರು ದಂಡಿಸುತ್ತಾರೆ, ದಂಡಿಸಿದಾಗ ಯಾರು ಬಿಡಿಸಿಕೊಳ್ಳುತ್ತಾರೆ, ಈ ಸಭೆಯ ವಿಷಯವನ್ನು ಮನೆಯಲ್ಲಿ ಯಾರಿಗೆ ಹೇಳಿದರೆ ನಡೆಯುತ್ತದೆ.

ಜಿಲ್ಲಾ ಮಟ್ಟದಲ್ಲಿ ಇಂಥ ಕಾರ್ಯಕ್ರಮಗಳನ್ನು ರೂಪಿಸುವವರಿಗೆ ನನ್ನ ಬೇಡಿಕೆಗಳು ಮೂರು. ಸಭೆ ನಡೆಸುವ ಕಾರ್ಯಕರ್ತೆಗೆ ಉದಾಹರಣೆಗಳನ್ನು ಬದಲಾಯಿಸುವ ಅಧಿಕಾರವನ್ನು ಲಿಖಿತವಾಗಿ ಕೊಡಬೇಕು, ಬದಲಾಯಿಸಿದ್ದನ್ನು ಅವರು ಬರೆದಿಡುವ ಪುಟವೊಂದು ಕೈಪಿಡಿಯಲ್ಲೇ ಇರಬೇಕು. ಹಾಡಿಯ, ಮೊಹಲ್ಲಾದ, ಕೇರಿಯ ಹೆಣ್ಣುಮಕ್ಕಳನ್ನು ಸಹಾಯಕಿಯರೆಂದು ಕರೆದು ಚಹಾ ಹಂಚುವ ಕೆಲಸಕ್ಕೆ ನಿಲ್ಲಿಸದೆ, ತರಬೇತುದಾರರಿಗೆ ಕೊಡುವಷ್ಟೇ ಗೌರವಧನ ಕೊಟ್ಟು ಪಾಠ ನಡೆಸಲು ತಯಾರು ಮಾಡಬೇಕು. ಹಾಜರಾತಿ ಪುಸ್ತಕದಲ್ಲಿ ತಾಯಿಯ ಹೆಸರಿನ ಪಕ್ಕದಲ್ಲಿ ಇನ್ನೊಂದು ಸಾಲು ಬೇಕು. ಆ ಮಗುವನ್ನು ಬೆಳೆಸುತ್ತಿರುವ ಮತ್ತೊಬ್ಬರು ಯಾರು, ಅವರು ಎಷ್ಟು ಸಭೆಗಳಿಗೆ ಬಂದರು ಎಂಬುದನ್ನು ಅಲ್ಲಿ ಬರೆಯಬೇಕು. ಮೊದಲ ಎರಡಕ್ಕೆ ಹಣ ಮತ್ತು ಆದೇಶ ಬೇಕಾಗುತ್ತದೆ. ಮೂರನೆಯದಕ್ಕೆ ಸ್ಕೇಲು ಪೆನ್ನು ಸಾಕು, ನಾವು ನಡೆಸುವ ಸಭೆಗಳ ಪುಸ್ತಕಗಳಲ್ಲಿ ಆ ಸಾಲನ್ನು ಈಗಾಗಲೇ ಎಳೆದಿದ್ದೇವೆ.